ಕೈ ಡಾಕ್ಟ್ರು

ನಮ್ಮ ಐಸಿಯು ಮೇಡಂ ಅವರ ಬೀಳ್ಕೊಡುಗೆ ಸಮಾರಂಭದಲ್ಲಿ ಒಬ್ಬರೂ ನಿಜ ಹೇಳಲಿಲ್ಲ. ಆಡಳಿತ ಮಂಡಳಿಯ ಯಜಮಾನರೊಬ್ಬರು ಮೈಕು ಹಿಡಿದು "ಮೃದುಭಾಷಿ, ಶಾಂತ ಸ್ವಭಾವದ ವೈದ್ಯೆ" ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾವು ಐಸಿಯು ನರ್ಸುಗಳು ಮುಖ ಮುಖ ನೋಡಿಕೊಂಡು ಸೆರಗನ್ನು ಬಾಯಿಗೆ ತುರುಕಿಕೊಂಡೆವು. ಮೃದುಭಾಷಿಯಂತೆ! ಆ ಹೆಂಗಸು ಹೊನ್ನಾವರದಲ್ಲಿ ಬೈದರೆ ಶರಾವತಿಯ ಆಚೆ ದಡದಲ್ಲಿದ್ದವರು ತಮಗೇ ಬೈದರೆಂದು ಗಾಬರಿಯಾಗಬೇಕು, ಹಾಗಿತ್ತು ದನಿ. ಇನ್ನೊಬ್ಬರು ಎದ್ದು "ಔಷಧಿಯೆಂಬ ಅಮೃತ ಉಣಿಸಿದ ಮಹಾತಾಯಿ" ಅಂದರು ನೋಡಿ, ಅಲ್ಲಿಗೆ ನನ್ನ ಕಥೆ ಮುಗಿಯಿತು. ಗೊಳ್ಳೆಂದು ನಕ್ಕುಬಿಟ್ಟೆ. ಔಷಧಿ ಕೊಡದೇ ಇರುವುದಕ್ಕಾಗಿ ಭಟ್ಕಳದಿಂದ ಕುಮಟಾದವರೆಗಿನ ಜನರ ಜೊತೆ ಜಗಳ ಕಾದವರು ಅವರು.

ನಕ್ಕದ್ದಕ್ಕೆ ಶಿಕ್ಷೆಯೆಂದು ನನ್ನನ್ನೇ ವೇದಿಕೆಗೆ ಕರೆದರು. ಮೈಕಿನ ಮುಂದೆ ನಿಂತವಳಿಗೆ ನಗು ಬಂತು, ಅಳು ಬಂತು, ಮಾತು ಒಂದು ಬರಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಅವರ ಊರು ಮಂಕಿಯಿಂದ ಫೋನು ಬರುತ್ತದೆ, ಆ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದೇ ಕೇಳಬೇಕು.

ಊರವರು ಅವರನ್ನು ಕರೆಯುತ್ತಿದ್ದದ್ದು 'ಕೈ ಡಾಕ್ಟ್ರು' ಅಂತ. ಕೈ ಮುರಿದುಕೊಂಡವರು ಹೆಸರು ಕೇಳಿ ಹುಡುಕಿಕೊಂಡು ಬಂದು ಪೆಚ್ಚಾಗಿ ಹೋದದ್ದೂ ಉಂಟು. ಸಂಗತಿ ಇಷ್ಟೇ. ಐಸಿಯು ಬಾಗಿಲು ತೆರೆದ ಸದ್ದಾದರೆ ಸಾಕು, ಒಳಗೆಲ್ಲೋ ರೋಗಿಯ ಮೇಲೆ ಬಗ್ಗಿದ್ದವರು ತಲೆಯನ್ನೂ ಎತ್ತದೆ "ಕೈ!" ಅಂತ ಕೂಗುವರು. ಬಂದವರು ಸರ್ಜನ್ ಇರಲಿ, ಕಸ ಗುಡಿಸುವವರಿರಲಿ, ಆಸ್ಪತ್ರೆ ಕಟ್ಟಿಸಿದವರೇ ಇರಲಿ, ನಿಂತಲ್ಲೇ ನಲ್ಲಿಯ ಕಡೆ ತಿರುಗಬೇಕು. ಮಂಕಿಯ ಮೀನುಗಾರರ ಮನೆಯ ಮಗಳು. ಸಣ್ಣದಿರುವಾಗ ಕಡಲ ದಂಡೆಯಲ್ಲಿ ನಿಂತು ದೋಣಿಯಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆದು ಕರೆದು ಆ ಗಂಟಲು ತಯಾರಾಗಿತ್ತಂತೆ. ಆಳು ಮಾತ್ರ ಇಷ್ಟೇ ಇಷ್ಟು. ಮೊಣಕೈ ಮೇಲಿನ ತೋಳಿನ ರವಿಕೆ, ಎತ್ತಿ ಕಟ್ಟಿದ ಹತ್ತಿ ಸೀರೆ. ಕೈಗೆ ವಾಚಿಲ್ಲ, ಉಂಗುರವಿಲ್ಲ, ಬಳೆಯಿಲ್ಲ. ತೊಳೆದು ತೊಳೆದು ಒಡೆದುಹೋದ ಅಂಗೈಗೆ ಮಧ್ಯಾಹ್ನ ಊಟವಾದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದರು.

ಒಮ್ಮೆ ಚುನಾವಣೆಯ ಸಮಯ. ಈ ರಾಜ್ಯದಲ್ಲಿ ಚುನಾವಣೆ ಹೊತ್ತಿಗೆ ಕೈ ಅಂದರೆ ಎಂತ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಪಕ್ಷದ ಪುಢಾರಿಯೊಬ್ಬ ಬೆಂಬಲಿಗರ ದಂಡು ಕಟ್ಟಿಕೊಂಡು ತನ್ನ ಮಾವನನ್ನು ನೋಡಲು ಬಂದ. ಬಾಗಿಲು ದೂಡಿದ್ದೇ ತಡ, ಒಳಗಿಂದ "ಕೈ!" ಅವ ಗಕ್ಕನೆ ನಿಂತ. ಮತ್ತೆ "ಕೈ! ಕೈ ಅಂದೆ ಅಲ್ದಾ? ಮೊದ್ಲು ಕೈ, ಆಮೇಲೆ ಉಳಿದದ್ದು!" ಆಸ್ಪತ್ರೆಯೊಳಗೆ ಬಹಿರಂಗ ಪ್ರಚಾರ ನಡೆಯುತ್ತಿದೆ ಅಂತ ಅವ ಹೊರಗೆ ನಿಂತು ಯಾರ್ಯಾರಿಗೋ ಫೋನು ಮಾಡಿದ. ವಿಚಾರಿಸಲು ಬಂದ ಅಧಿಕಾರಿಗೂ ಬಾಗಿಲಲ್ಲಿ ಅದೇ ಸ್ವಾಗತವಾಯಿತು. ಅವರು ಪಾಪ ನಗುತ್ತ ಕೈ ತೊಳೆದುಕೊಂಡು, ಪುಢಾರಿಯ ಕೈಯನ್ನೂ ತೊಳೆಸಿ, ಮಾವನನ್ನು ತೋರಿಸಿ ಹೋದರು.

ಅವರ ಬಾಯಲ್ಲಿ ಇನ್ನೊಂದು ಶಬ್ದ ಕಲ್ಚರ್. ಕಫ, ರಕ್ತ, ಮೂತ್ರವನ್ನು ಲ್ಯಾಬಿನಲ್ಲಿ ಇಟ್ಟು ಎಂತ ಹುಳ ಬೆಳೆಯುತ್ತದೆ, ಅದು ಯಾವ ಮದ್ದಿಗೆ ಸಾಯುತ್ತದೆ ಅಂತ ನೋಡುವ ಪರೀಕ್ಷೆಗೆ ನಾವೆಲ್ಲ ಹೇಳುವುದೇ ಹಾಗೆ. ಕುಮಟಾದ ಕಡೆಯ ತೋಟದ ಮನೆಯವರೊಬ್ಬರಿಗೆ ಇವರು ಅವಸರದಲ್ಲಿ "ನಿಮ್ಮ ತಂದೆಯವರದ್ದು ಕಲ್ಚರ್ ಸರಿ ಇಲ್ಲ" ಅಂದುಬಿಟ್ಟರು. ಅವರ ಮುಖ ಕೆಂಪಗಾಯಿತು. "ಮೇಡಂ, ನಮ್ಮಪ್ಪ ಸಿಟ್ಟಿನ ಮನುಷ್ಯ ಹೌದು. ಆದ್ರೆ ನಮ್ಮ ಮನೆತನದ ಕಲ್ಚರ್ ಬಗ್ಗೆ ಈ ಹೊನ್ನಾವರದಲ್ಲಿ ಯಾರೂ ಬೆರಳು ತೋರಿಸೂಕಾಗ." ಕುರ್ಚಿಯ ಮೇಲೆ ಕೂತಿದ್ದ ಮೇಡಂಗೆ ನಕ್ಕು ನಕ್ಕು ಏಳಲಾಗಲಿಲ್ಲ. ಆಮೇಲೆ ಅವರ ತಂದೆಯ ಎದುರೇ ಕ್ಷಮೆ ಕೇಳಿದರು. ಮುದುಕರು ಆಕ್ಸಿಜನ್ ಮಾಸ್ಕಿನೊಳಗೇ ನಕ್ಕರು.

ಕೆಲಸಕ್ಕೆ ಸೇರಿದಾಗ ನಾನು ಮದುವೆಯಾದ ಹೊಸತು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. "ಇದು ಎಂತ, ಬಳೆ ಅಂಗಡಿಯನಾ? ತೆಗಿ. ಒಂದೊಂದು ಬಳೆ ಅಡಿಗೂ ಹುಳದ ಸಂಸಾರ ಇರ್ತದೆ" ಅಂದರು ಮೇಡಂ. ಸಂಜೆ ಬೋಳು ಕೈಯಲ್ಲಿ ಭಟ್ಕಳ ಹತ್ತಿರದ ತೆಂಗಿನಗುಂಡಿಯ ಮನೆಗೆ ಹೋದೆ. ಅತ್ತೆ ನೋಡಿ ಎದೆ ಬಡಿದುಕೊಂಡರು. ನಮ್ಮ ಅತ್ತೆಯೆಂದರೆ ಮೀನು ವ್ಯಾಪಾರದ ಹೆಂಗಸು, ಭಟ್ಕಳ ಪೇಟೆಯಲ್ಲಿ ಅವರ ಎದುರು ಚೌಕಾಸಿ ಮಾಡಿ ಗೆದ್ದವರಿಲ್ಲ. ಮರುದಿನ ಬಸ್ಸು ಹತ್ತಿ ಹೊನ್ನಾವರಕ್ಕೆ ಬಂದೇಬಿಟ್ಟರು. "ಎಲ್ಲಿದ್ದಾಳೆ ನನ್ನ ಸೊಸೆ ಬಳೆ ತೆಗ್ಸಿದೋಳು?" ಅಂತ ಬಾಗಿಲು ದೂಡಿದರು. "ಕೈ!" ಅಂತ ಬಂತು. ಅತ್ತೆ ಎಂತ ಏನು ಅಂತ ತಿಳಿಯುವ ಮೊದಲೇ ನಲ್ಲಿಯ ಕೆಳಗೆ ಸೋಪು ಉಜ್ಜುತ್ತ ನಿಂತಿದ್ದರು! ಆಮೇಲೆ ಇಬ್ಬರೂ ಅರ್ಧ ತಾಸು ಕೂಗಾಡಿದರು. ಡ್ಯೂಟಿಯಲ್ಲಿ ಬಳೆ ಡಬ್ಬಿಯಲ್ಲಿ, ಬಸ್ಸು ಹತ್ತುವಾಗ ಕೈಯಲ್ಲಿ ಅಂತ ರಾಜಿಯಾಯಿತು. "ಆತು, ಹಂಗಾರೆ ಆತು," ಅಂದರು ಅತ್ತೆ. ಹೋಗುವಾಗ ಇಬ್ಬರೂ ಒಣ ಮೀನಿನ ಧಾರಣೆ ಮಾತಾಡುತ್ತಿದ್ದರು.

ರೋಗಿಗೆ ಕಟ್ಟಲು ದೇವಸ್ಥಾನದ ದಾರ ತಂದವರಿಗೆ ಅವರು ಬೇಡ ಅನ್ನುತ್ತಿರಲಿಲ್ಲ. ಸಲೈನ್ ಬಾಟಲಿ ತೂಗುಹಾಕುವ ಕಂಬಕ್ಕೆ ಕಟ್ಟಿಸುತ್ತಿದ್ದರು. "ದೇವ್ರಿಗೆ ಮಂಚದ ನಂಬರ್ ಗೊತ್ತಿರ್ತದೆ, ನೀವು ಹೆದರ್ಬೇಡಿ" ಅನ್ನುವರು. ಹೂವಿಗೆ ಮಾತ್ರ ಪ್ರವೇಶವಿರಲಿಲ್ಲ.

ಮದ್ದು ನಾಟದೆ ಹೋಗುವುದು ಎಂದರೆ ಎಂತ ಅಂತ ಹೊಸ ನರ್ಸುಗಳಿಗೆ ಪುಸ್ತಕ ಬಿಟ್ಟು ಬಂದರಿನ ಬೆಕ್ಕಿನ ಕಥೆ ಹೇಳುತ್ತಿದ್ದರು. "ಮೀನಿನ ಬುಟ್ಟಿ ಹತ್ರ ಬೆಕ್ಕು ಬಂತು. ಹುಶ್ ಅಂದ್ರಿ, ಓಡ್ತು. ದಿನಾ ಬರೇ ಹುಶ್ ಅಂದ್ರಿ, ಹೊಡೀಲಿಲ್ಲ. ಆಮೇಲೆ ಅದ್ಕೆ ಹುಶ್ ಅಂದ್ರೆ ಊಟಕ್ಕೆ ಕರ್ದ ಲೆಕ್ಕ. ಕೋಲು ತೋರ್ಸಿದ್ರಿ, ಅರ್ಧಂಬರ್ಧ ಬೀಸಿದ್ರಿ, ಕೋಲಿಗೂ ಪಳಗ್ತು. ಮರಿಗೂ ಕಲಿಸ್ತು, ಪಕ್ಕದ ಮನೆ ಮರಿಗೂ ಕಲಿಸ್ತು. ಕೊನೆಗೆ ಬಂದೂಕು ತಂದ್ರೂ ಎದ್ರು ಕೂತು ಕಾಲು ನೆಕ್ತದೆ." ಹೀಗೆ ಹೇಳುತ್ತ ತಾವೇ ಬೆಕ್ಕಾಗಿ ಮೊಣಕೈ ನೆಕ್ಕುವ ಹಾಗೆ ಮಾಡುವರು. ಐಸಿಯು ಮುಖ್ಯಸ್ಥೆ! ಹುಡುಗಿಯರು ನಕ್ಕು ಬಿದ್ದು ಹೋಗುತ್ತಿದ್ದರು, ಪಾಠ ಮಾತ್ರ ಮರೆಯುತ್ತಿರಲಿಲ್ಲ.

ಹುಶ್ ಹುಶ್ ಅನ್ನುವವರಲ್ಲಿ ನಮ್ಮ ಅತ್ತೆ ಮೊದಲನೆಯವರು. ದುಬೈಯಲ್ಲಿದ್ದ ಅವರ ಅಣ್ಣನ ಮಗ ಊರಿಗೆ ಬಂದಾಗಲೆಲ್ಲ ಸೆಂಟು, ಖರ್ಜೂರದ ಜೊತೆ ಗುಳಿಗೆ ಪಟ್ಟಿಯನ್ನೂ ತರುತ್ತಿದ್ದ. ಅತ್ತೆಯ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿ ತುಂಬ ದುಬೈ ಗುಳಿಗೆ. ಶೀತಕ್ಕೆ ಕೆಂಪು, ಹೊಟ್ಟೆ ನೋವಿಗೆ ಬಿಳಿ, ಹಲ್ಲು ನೋವಿಗೆ ಎರಡು ಬಣ್ಣದ್ದು. ಒಂದು ತಿಂದು ಹಗುರಾದರೆ ಉಳಿದದ್ದು ಮತ್ತೆ ಡಬ್ಬಿಗೆ. ಅಕ್ಕಪಕ್ಕದವರಿಗೂ ಉಪ್ಪಿನಕಾಯಿ ಕೊಟ್ಟ ಹಾಗೆ ಕೊಡುವರು. ನಾನು ನರ್ಸು ಅಂತ ಎಷ್ಟು ಹೇಳಿದರೂ "ನಿಂದು ಹೊನ್ನಾವರದ ಗುಳಿಗೆ, ಇದು ದುಬೈದು" ಅಂತ ನನ್ನನ್ನೇ ಸುಮ್ಮನಿರಿಸುತ್ತಿದ್ದರು.

ಹಾಗೆ ಡಬ್ಬಿಯಲ್ಲಿದ್ದದ್ದನ್ನೆಲ್ಲ ನುಂಗಿ, ಕೆಮ್ಮು ಎದೆಗಿಳಿದು, ಉಸಿರು ಸಿಕ್ಕದೆ ಅತ್ತೆ ಒಂದು ದಿನ ನಮ್ಮದೇ ಐಸಿಯುಗೆ ಬಂದರು. ನ್ಯುಮೋನಿಯಾ. ವೆಂಟಿಲೇಟರ್ ಹಾಕಬೇಕಾಯಿತು. ಅಷ್ಟು ಮಾತಾಡುವ ಬಾಯಿಗೆ ನಳಿಗೆ ಇಟ್ಟದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಎಷ್ಟು ಬೈದರೂ ನನಗೆ ಅವರೆಂದರೆ ಜೀವ. ಮೇಡಂ ಕೊಟ್ಟ ಮದ್ದಿಗೆ ಎದೆ ನಿಧಾನಕ್ಕೆ ತಿಳಿಯಾಯಿತು, ಜ್ವರ ಬಿಟ್ಟಿತು, ಯಂತ್ರದ ಸಹಾಯ ಕಡಿಮೆಯಾಗುತ್ತ ಬಂತು. ಆಗ ಬಂತು ಕಫದ ಕಲ್ಚರ್. ಹೊಸ ಹುಳ ಬೆಳೆದಿತ್ತು, ಐಸಿಯುಗಳಲ್ಲೇ ಬೀಡು ಬಿಡುವ ಹಠಮಾರಿ ಜಾತಿಯದು. ಯಾವ ಮದ್ದಿಗೂ ಬಗ್ಗುವುದಿಲ್ಲ ಅಂತ ಮೇಲಿಂದ ಕೆಳಗಿನವರೆಗೆ ಬರೆದಿತ್ತು. ತೀರ ಕೊನೆಯಲ್ಲಿ ಒಂದೇ ಒಂದು ಮದ್ದು ಉಳಿದಿತ್ತು, ಅದೂ ಕಿಡ್ನಿಗೆ ಪೆಟ್ಟು ಕೊಡುವ ಹಳೇ ಮದ್ದು.

ನನ್ನ ಬಾವ, ಅಂದರೆ ಗಂಡನ ಅಣ್ಣ, ಬೋಟಿನ ಮಾಲೀಕ. ಕೈ ಮುಗಿದು ನಿಂತ. "ಡಾಕ್ಟ್ರೇ, ಆ ಹೈ ಪವರಿಂದು ಕೊಟ್ಬಿಡಿ. ಬೋಟಿನ ಇಂಜಿನ್ ಕೆಟ್ರೆ ಸಣ್ಣ ಪಾನಾ ಹಿಡ್ಕಂಡು ಕೂತ್ರೆ ಆಗ್ತದಾ?"

"ಓಡ್ತಾ ಇರೂ ಇಂಜಿನ್ ಬಿಚ್ತೀಯನಾ ನೀನು?"

"ಇಲ್ಲ..."

"ನಿಮ್ಮಮ್ಮಂದು ಓಡ್ತಾ ಇದೆ. ಹುಳ ಇದೆ, ಆದ್ರೆ ಸುಮ್ನೆ ಕೂತಿದೆ, ಕಚ್ತಾ ಇಲ್ಲ. ನಾ ಮದ್ದು ಕೊಡೂದು ಮನುಷ್ಯರಿಗೆ, ಕಾಗದಕ್ಕಲ್ಲ. ಇಷ್ಟು ದಿನ ಕೊಟ್ಟ ಮದ್ದಿನ ಲೆಕ್ಕವೂ ಮುಗೀತು. ಇವತ್ತಿಂದ ಎಲ್ಲ ಆ್ಯಂಟಿಬಯೋಟಿಕ್ ಬಿಟ್ಟೆ."

ಬಾವ ಮನೆಗೆ ಫೋನು ಮಾಡಿ "ಡಾಕ್ಟ್ರು ಮದ್ದೆಲ್ಲ ಬಿಟ್ರು" ಅಂದ. ಅಕ್ಕ, ಅವನ ಹೆಂಡತಿ, ಪಕ್ಕದ ಮನೆಗೆ "ಕೈ ಡಾಕ್ಟ್ರು ಬಿಟ್ರಂತೆ" ಅಂದಳು. ದಂಡೆಯ ಹತ್ತಿರ ಬಲೆ ಹೆಣೆಯುತ್ತಿದ್ದವರಿಗೆ ಅದು ಮುಟ್ಟುವಷ್ಟರಲ್ಲಿ "ಡಾಕ್ಟ್ರು ಕೈ ಬಿಟ್ರಂತೆ" ಅಂತಾಗಿತ್ತು. ಮುಗಿಯಿತಲ್ಲ! ಮರುದಿನ ಬೆಳಗಾಗುವುದರೊಳಗೆ ಅಂಗಳಕ್ಕೆ ಶಾಮಿಯಾನ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು, ಯಾರೋ ಪುಣ್ಯಾತ್ಮರು ಸೌದೆಯನ್ನೂ ಒಡೆಸಿದರು. ಕುಮಟಾದ ನಾದಿನಿ ಟೆಂಪೋ ತುಂಬ ಜನ ಹೇರಿಕೊಂಡು ದಾರಿಯುದ್ದಕ್ಕೂ ಅಳುತ್ತ ಬಂದಳು. ನನಗೆ ಅವಳ ಫೋನು ಬಂತು.

"ಅತ್ಗೇ, ಎಷ್ಟೊತ್ತಿಗೆ ತರ್ತ್ರಿ?"

"ಎಂತದ್ನ?"

"ಅಮ್ಮನ್ನ."

"ಅಮ್ಮನ್ನಾ? ಇಲ್ಲಿ ಬೆರಳಲ್ಲಿ ಸನ್ನೆ ಮಾಡಿ ಗಂಜಿ ಕೇಳ್ತಿದ್ದಾರೆ!"

ಆ ಕಡೆ ಯಾರೋ ಹಿಂದಿನಿಂದ "ಹಂಗಾರೆ ಕುರ್ಚಿ ಎಂತ ಮಾಡೂದು?" ಅಂದದ್ದು ಕೇಳಿಸಿತು. ಫೋನು ಇಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ನಗು ಮಧ್ಯಾಹ್ನದವರೆಗೆ ಮಾತ್ರ. ಊಟದ ಹೊತ್ತಿಗೆ ಅತ್ತೆಯ ಮೈ ಕಾದ ಕಾವಲಿಯಾಯಿತು. ಚಳಿ, ನಡುಕ. ಜ್ಯೂನಿಯರ್ ಡಾಕ್ಟರ್ ಆ ಕೊನೆಯ ಮದ್ದಿನ ಬಾಟಲಿ ತಂದು ಟ್ರೇಯಲ್ಲಿಟ್ಟುಕೊಂಡು ಕಾಯುತ್ತಿದ್ದ. ಹೊರಗೆ ಬಾವ ಕಿರುಚುತ್ತಿದ್ದ. ಮನೆಯಲ್ಲಿ ಕುರ್ಚಿಗಳು ಇನ್ನೂ ಹಾಗೇ ಇದ್ದವು. ನಾನು ಮೇಡಂ ಎದುರು ಹೋಗಿ ನಿಂತೆ. "ಮೇಡಂ, ಕೊಟ್ಬಿಡಿ. ಅವ್ರ ಸೊಸೆಯಾಗಿ ಕೇಳ್ತಿದ್ದೇನೆ."

"ಸೊಸೆ ಹೊರಗೆ ಹೋಗ್ಲಿ. ನರ್ಸು ಇಲ್ಲಿರ್ಲಿ. ಹೊದಿಕೆ ತೆಗಿ," ಅಂದರು.

ತಲೆಯಿಂದ ಶುರು ಮಾಡಿದರು. ಕಣ್ಣು, ಕಿವಿ, ಕುತ್ತಿಗೆ, ಎದೆಗೆ ಸ್ಟೆತಾಸ್ಕೋಪು ಇಟ್ಟು ಎಷ್ಟೋ ಹೊತ್ತು ಕೇಳಿದರು. ಹೊಟ್ಟೆ ಒತ್ತಿದರು, ಮಗ್ಗುಲು ತಿರುಗಿಸಿ ಬೆನ್ನು ನೋಡಿದರು, ಕಾಲಿನ ಮೀನಖಂಡ ಹಿಸುಕಿದರು. ಕೊನೆಗೆ ಎಡಗೈಗೆ ಸುತ್ತಿದ್ದ ಪಟ್ಟಿ ಬಿಚ್ಚಿದರು. ಸಲೈನಿನ ಸೂಜಿ ಚುಚ್ಚಿದಲ್ಲಿಂದ ಮೇಲಕ್ಕೆ ರಕ್ತನಾಳ ಕೆಂಪಗೆ ಹಗ್ಗದ ಹಾಗೆ ಬಿಗಿದುಕೊಂಡಿತ್ತು. ಮುಟ್ಟಿದರೆ ಅತ್ತೆ ನಿದ್ದೆಯಲ್ಲೂ ಮುಖ ಹಿಂಡಿದರು.

"ಇಲ್ಲಿದ್ದಾನೆ ಕಳ್ಳ! ಜ್ವರ ಬಂದದ್ದು ಈ ಸೂಜಿಯಿಂದ, ಕಫದ ಹುಳದಿಂದಲ್ಲ. ತೆಗಿ ಸೂಜಿ. ಶಾಖ ಕೊಡು. ರಕ್ತ ಲ್ಯಾಬಿಗೆ ಹೋಗ್ಲಿ. ಬಿಪಿ ಒಂಚೂರು ಅಲ್ಲಾಡಿದ್ರೂ ಆ ಬಾಟ್ಲಿ ನಾನೇ ಒಡ್ದು ಕೊಡ್ತೇನೆ. ಅಲ್ಲೀವರೆಗೆ ಯಾರೂ ಮುಟ್ಟೂದಿಲ್ಲ."

ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತರು. ಏಳಲೇ ಇಲ್ಲ. ಮಾನಿಟರ್ ನೋಡುತ್ತ ಒಂದು ಮೊಣಕಾಲು ಕುಣಿಸುತ್ತಲೇ ಇದ್ದರು. ಆಗಲೇ ನನಗೆ ಗೊತ್ತಾದದ್ದು, ಈ ಗಟ್ಟಿಗಿತ್ತಿಗೂ ಹೆದರಿಕೆಯಾಗುತ್ತದೆ ಅಂತ. ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಅತ್ತೆ ಬೆವರಿದರು, ಜ್ವರ ಇಳಿಯಿತು. ಮೇಡಂ ಎದ್ದು ಸೊಂಟ ನೇರ ಮಾಡಿಕೊಂಡು "ನಿನ್ನ ಬಾವಂಗೆ ಹೇಳು, ಕುರ್ಚಿ ವಾಪಸ್ ಮಾಡೂಕೆ" ಅಂದರು. ಕುರ್ಚಿಯ ಸುದ್ದಿ ಅವರಿಗೆ ಯಾರು ಮುಟ್ಟಿಸಿದರೋ ದೇವರೇ ಬಲ್ಲ. ಬಾವ ವಾಪಸ್ ಮಾಡಲಿಲ್ಲ. ಬಂದ ನೆಂಟರನ್ನೆಲ್ಲ ಅವುಗಳ ಮೇಲೆ ಕೂರಿಸಿ ಬಂಗಡೆ ಸಾರಿನ ಊಟ ಹಾಕಿಸಿ ಕಳಿಸಿದ. ರಕ್ತದ ಕಲ್ಚರಿನಲ್ಲಿ ಎಂತದೂ ಬೆಳೆಯಲಿಲ್ಲ. ನಳಿಗೆ ತೆಗೆದ ದಿನ ಅತ್ತೆ ಒಡಕು ದನಿಯಲ್ಲಿ ಆಡಿದ ಮೊದಲ ಮಾತು, "ಗಂಜಿಗೆ ಒಣ ಮೀನಿಲ್ವನಾ?"

ಇದಾಗುವಾಗಲೇ ಪಕ್ಕದ ಮಂಚಕ್ಕೆ ಜಾಲಿ ಊರಿನ ಒಬ್ಬ ಹುಡುಗಿ ಬಂದಿದ್ದಳು. ಚೊಚ್ಚಲ ಹೆರಿಗೆಯಲ್ಲಿ ತುಂಬ ರಕ್ತ ಹೋಗಿತ್ತು. ಕೂಸು ಅಜ್ಜಿಯ ಹತ್ತಿರ ಕ್ಷೇಮವಿತ್ತು, ಇವಳು ವೆಂಟಿಲೇಟರ್ ಮೇಲಿದ್ದಳು. ಅತ್ತೆಯನ್ನು ವಾರ್ಡಿಗೆ ಕಳಿಸಿದ ಬೆನ್ನಿಗೇ ಅವಳ ಬಿಪಿ ಬಿತ್ತು, ಮೈಗೆ ನಂಜೇರಿತು. ರಕ್ತದಲ್ಲಿ ಬೆಳೆದದ್ದು ಅದೇ ಹುಳ. ಅತ್ತೆಯ ಕಫದಲ್ಲಿದ್ದದ್ದೇ.

ಲ್ಯಾಬಿನಿಂದ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಮೇಡಂ ಕೂಗಲಿಲ್ಲ. ಯಾರ ಕೈಯಿಂದ ದಾಟಿತು ಅಂತಲೂ ಕೇಳಲಿಲ್ಲ. ಎರಡು ಮಂಚದ ನಡುವಿನ ನಾಲ್ಕು ಹೆಜ್ಜೆಯನ್ನು ಅದು ಯಾರದೋ ಕೈಯ ಮೇಲೆ ಕೂತೇ ದಾಟಿದ್ದು, ನನ್ನ ಕೈಯೂ ಇರಬಹುದು, ಅವರದ್ದೂ ಇರಬಹುದು. ಇಷ್ಟು ವರ್ಷ ಗಂಟಲು ಹರಿದುಕೊಂಡವರು ಆ ದಿನದಿಂದ ಬಾಗಿಲು ತೆರೆದರೂ 'ಕೈ' ಅನ್ನಲಿಲ್ಲ. ನಾವೇ ಹೆದರಿ ಹೆದರಿ ತೊಳೆದುಕೊಂಡೆವು.

ಮದ್ದಿನ ವಿಷಯದಲ್ಲಿ ಮಾತ್ರ ಒಂದು ನಿಮಿಷ ತಡ ಮಾಡಲಿಲ್ಲ. ಅತ್ತೆಗೆ ಒಡೆಯದೆ ಇಟ್ಟಿದ್ದ ಅದೇ ಬಾಟಲಿಯನ್ನು ತಾವೇ ಒಡೆದರು. "ಈಗ ಕೊಡೂದಾ ಮೇಡಂ?" ಅಂತ ಜ್ಯೂನಿಯರ್ ತೊದಲಿದ. "ಈಗಲ್ದೆ ಮತ್ಯಾವಾಗ? ಈಗ ಕಚ್ತಾ ಇದೆ!" ಕಿಡ್ನಿಯ ಮೇಲೆ ಕಣ್ಣಿಟ್ಟು, ಮೂತ್ರದ ಚೀಲವನ್ನು ತಾಸಿಗೊಮ್ಮೆ ನೋಡುತ್ತ ಕಾದೆವು. ಹುಡುಗಿಯ ತಾಯಿ ಹೊರಗೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿರುತ್ತಿದ್ದಳು. ಆ ಕೂಸನ್ನು ದಾಟಿಕೊಂಡು ಒಳಗೆ ಬರುವುದೇ ನಮಗೆ ಸಂಕಟ. ಹುಳಕ್ಕೆ ಆ ಮದ್ದಿನ ಪರಿಚಯ ಆಗಿರಲಿಲ್ಲ, ಬಗ್ಗಿತು. ಬಿಪಿ ಎದ್ದಿತು. ಹುಡುಗಿ ಕಣ್ಣು ಬಿಟ್ಟಳು. ಅವತ್ತು ಬಾಗಿಲು ತೆರೆದ ಸದ್ದಿಗೆ "ಕೈ!" ಅಂತ ಬಂತು ನೋಡಿ, ನಾವು ನಾಲ್ವರೂ ನರ್ಸುಗಳು ಚಪ್ಪಾಳೆ ತಟ್ಟಿದೆವು.

ವಾರ್ಡಿನಲ್ಲಿದ್ದ ಅತ್ತೆಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಮೇಡಂ ರೌಂಡ್ಸಿಗೆ ಬಂದದ್ದೇ ತಡ, ಶುರುವಾಯಿತು. "ಎಂತದು? ಒಳ್ಳೆ ಮದ್ದು ಅವ್ಳಿಗೆ, ನಂಗೆ ಒಂದು ಹನಿ ಇಲ್ಲ? ನನ್ನ ಮಗ ಕೈ ಮುಗ್ದು ಕೇಳಿದ್ರೂ ಇಲ್ಲ? ಮುದ್ಕಿ ಅಲ್ದಾ, ಸಾಯ್ಲಿ ಅಂತ ಬಿಟ್ರನಾ?"

ಇಡೀ ವಾರ್ಡು ಕಿವಿ ನಿಮಿರಿಸಿತು. ಮೇಡಂ ಮಂಚದ ಹತ್ತಿರ ನಿಂತು, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದರು. "ಮುದ್ಕಿ ಅಂತಲ್ಲ. ನಿಮ್ಗೆ ಬೇಕಾಗಿರ್ಲಿಲ್ಲ, ಅದ್ಕೆ ಕೊಡ್ಲಿಲ್ಲ. ಬೇಕಾಗಿದ್ರೆ ನಿಮ್ಗೇ ಮೊದ್ಲು. ನಿಮ್ಮ ಹತ್ರ ಇದ್ದ ಹುಳಾನೇ ಆ ಹುಡ್ಗಿಗೆ ಹೋದದ್ದು. ನಿಮ್ಗೆ ಸುಮ್ನೆ ಕೊಟ್ಟಿದ್ರೆ ಅದು ಆ ಮದ್ದಿಗೂ ಪಳಗಿ ಅವ್ಳ ಮೈಗೆ ಹೋಗ್ತಿತ್ತೋ ಎಂತೋ. ಆಗ ಅವ್ಳಿಗೆ ಕೊಡೂಕೆ ನನ್ನ ಹತ್ರ ಎಂತದೂ ಇರ್ತಿರ್ಲಿಲ್ಲ."

ಅತ್ತೆ ಮೊಣಕೈ ಊರಿ ಸ್ವಲ್ಪ ಮೇಲೆದ್ದರು. "ಅಂದ್ರೆ ನಾ ತಕಳ್ದೇ ಇದ್ದಿದ್ಕೆ ಅವ್ಳು ಬದ್ಕಿದ್ದು?"

"ಹಂಗೇ ಅಂದ್ಕಳಿ."

"ಕೂಸು ಹೆಣ್ಣೋ ಗಂಡೋ?"

"ಹೆಣ್ಣು."

ಅತ್ತೆ ದಿಂಬು ಸರಿಸಿ ನೆಟ್ಟಗೆ ಕೂತರು. "ಹಂಗಾರೆ ಆ ಕೂಸು ಅರ್ಧ ನಂದು."

ಮೇಡಂ ನಗಲು ಹೋದರು, ಕಣ್ಣಲ್ಲಿ ನೀರು ಬಂತು.

ಬಾಣಂತಿ ಚೇತರಿಸಿಕೊಂಡು ಮನೆ ಸೇರಿ ಕೂಸಿಗೆ ಹೆಸರಿಡುವಾಗ ತಡವಾಗಿತ್ತು. ಜಾಲಿಗೆ ನಮ್ಮನ್ನೆಲ್ಲ ಕರೆದಿದ್ದರು. ಅತ್ತೆ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಹೋಗಿ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದರು. ಮೇಡಂ ಹತ್ತಿರ ಬಂದರೆ ಬಿಡಲಿಲ್ಲ. "ನೀವು ಎಂತ ಕೊಟ್ರಿ ಅಂತ ತೂಗೂಕೆ ಬಂದ್ರಿ? ನಂಗೆ ಎಂತದೂ ಕೊಡ್ಲೇ ಇಲ್ಲಲ್ಲ!"

"ಕೊಡದೇ ಇದ್ದದ್ದು ನಾನು, ತಕಳ್ದೇ ಇದ್ದದ್ದು ನೀವು. ಸರೀರಿ ಆಚೆ."

ಅತ್ತೆ ಗೊಣಗುತ್ತ ಅರ್ಧ ಹಗ್ಗ ಬಿಟ್ಟುಕೊಟ್ಟರು. ಇಬ್ಬರು ಬಾಯಿಬಡುಕಿಯರೂ ಪೈಪೋಟಿಯ ಮೇಲೆ ಎಳೆದ ಎಳೆತಕ್ಕೆ ತೊಟ್ಟಿಲು ಗೋಡೆ ಮುಟ್ಟುವಷ್ಟು ಜೀಕಿತು. ಕೂಸು ಎಚ್ಚರಾಗಿ ಕಿಟಾರನೆ ಕಿರುಚಿತು. ಒಳಕೋಣೆಯಲ್ಲಿ ಸೀರೆ ಉಡುತ್ತಿದ್ದ ಅದರ ಅಮ್ಮ, ಅರ್ಧ ನೆರಿಗೆ ಕೈಯಲ್ಲೇ ಹಿಡಿದುಕೊಂಡು ಓಡಿ ಬಂದು ಎತ್ತಿಕೊಂಡಳು.